ಗುರುದೇವಿಯ ಗಿಡ್ಡ ತೋಳಿನ ಅಂಗಿ

ರೀ,
ಕೆಂಭಾವಿಯಲ್ಲಿ ನನಗೆ ಇವತ್ತು ಶಿಕ್ಷಕರ ತರಬೇತಿ ಇದೆ, ಮೊದಲ ಬಸ್ಸಿಗೆ ಹೊರಟೆ. ಗುರುದೇವಿಯನ್ನು ಬೆಳಕಿನ ಚಿಕಿತ್ಸೆಗೆ ಯಾದಗಿರಿಗೆ ನೀವೇ ಕರೆದುಕೊಂಡು ಹೋಗಿರಿ. ಹೊರಡುವ ಮೊದಲು ಮೈಗೆ ಎಣ್ಣೆ, ಮುಲಾಮು ಏನೂ ಹಚ್ಚಬೇಡಿರಿ. ಬಂದಮೇಲೆ ಡಾಕ್ಟರು ಕೊಟ್ಟ ಕ್ರೀಮು ಧಾರಾಳವಾಗಿ ಹಚ್ಚಿರಿ. ಬಿಸಿಲಿನಲ್ಲಿ ಆಡಲು ಬಿಡಬೇಡಿರಿ.

ಹೋದ ಸಲದಂತೆ ಚಹಾದ ನೆಪ ಹೇಳಿ ರಸ್ತೆಯಲ್ಲಿ ನಿಲ್ಲಬೇಡಿರಿ. ಆ ನೀಲಿ ಬೆಳಕು ಕಂಡರೆ ನಿಮಗೆ ಅಂಜಿಕೆ, ನನಗೆ ಗೊತ್ತು. ಮೊದಲ ದಿನ ಅವಳಿಗೂ ಇತ್ತು. ಕಪ್ಪು ಕನ್ನಡಕ ಹಾಕಿಕೊಂಡು ಆ ಬೆಳಕಿನ ಕೋಣೆಯ ಒಳಗಿನಿಂದ, "ಅವ್ವಾ, ಅಲ್ಲೇ ಅದೀ ಏನು?" ಎಂದು ಕೂಗಿದಳು. ನಾನು ಬಾಗಿಲಿಗೆ ಆತು ನಿಂತು, "ಇಲ್ಲೇ ಅದೀನಿ, ಸಾಲಿ ಸುದ್ದಿ ಹೇಳು" ಎಂದೆ. ಗೆಳತಿಯರ ಜಗಳ ಹೇಳಿ ಮುಗಿಸುವುದರೊಳಗೆ ಬೆಳಕು ಆರಿತ್ತು. ನೀವೂ ಬಾಗಿಲ ಹತ್ತಿರ ನಿಂತು ಮಾತನಾಡಿಸಿದರೆ ಸಾಕು.

ಮೊಣಕೈ ಮಡಿಕೆಯ ಇಸುಬು ಮಾಯುತ್ತಿದೆ, ಕೆರೆತವೂ ಇಳಿದಿದೆ. ಇದು ಹತೋಟಿಗೆ ಬಂದೇ ಬರುತ್ತದೆ ನೋಡಿರಿ.

ಇಷ್ಟು ದಿನ ತುಂಬು ತೋಳಿನ ಅಂಗಿಯನ್ನೇ ಹಾಕುತ್ತಿದ್ದವಳು ಇವತ್ತಿಗೆ ಗಿಡ್ಡ ತೋಳಿನದು ತಾನೇ ತೆಗೆದಿಟ್ಟಿದ್ದಾಳೆ. ಅದನ್ನು ಕಂಡು ನೀವು ಅಳಬೇಡಿರಿ. ಬೆನ್ನಿನ ಗುಂಡಿ ಅವಳಿಗೆ ಎಟುಕುವುದಿಲ್ಲ, ಹಾಕಿಕೊಡಿರಿ.

ಮಲ್ಲೇಶ್ವರಿ