ಯಜಮಾನಿಗೆ ಒಪ್ಪಿದ ನಾಯಿ

ಭಾನುವಾರ, ಅಂಗಡಿಗೆ ರಜೆ

ಅಮ್ಮನಿಗೆ, ನಿಮ್ಮ ಮೊಮ್ಮಗಳ ಮನೆಯಿಂದ ನಮಸ್ಕಾರ.

ಮೊದಲೇ ಒಂದು ವಿಷಯ ಕೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಹೋದ ಸಲ ಬಂದಾಗ ನನ್ನ ಕಂದು ಶಾಲು ನಿಮ್ಮಲ್ಲೇ ಬಿಟ್ಟು ಬಂದೆನಾ? ಹಳೆಯದು, ಅಂಚು ಹರಿದದ್ದನ್ನು ನಾನೇ ಹೊಲಿದಿದ್ದೇನೆ. ಇಲ್ಲಿ ಮನೆಯೆಲ್ಲ ಜಾಲಾಡಿದ್ದಾಯಿತು. ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆ ಜೊತೆ ಸೇರಿ ಯಾರದೋ ಮನೆಗೆ ಹೋಯಿತಾ ಅಂತ ಇವರನ್ನು ಕೇಳಿದರೆ, ನನ್ನ ಲಾಂಡ್ರಿಯಲ್ಲಿ ಇವತ್ತಿನವರೆಗೆ ಒಂದು ಕರ್ಚೀಫು ಅದಲುಬದಲಾಗಿಲ್ಲ ಅಂತ ಮುಖ ಊದಿಸಿಕೊಂಡರು. ನಿಮ್ಮ ಕಪಾಟಿನಲ್ಲೊಮ್ಮೆ ನೋಡಿ.

ಇನ್ನು ನಾಯಿಯ ಸಮಾಚಾರ. ಪುಟ್ಟಿ ಅರ್ಧ ಹೇಳಿರುತ್ತಾಳೆ, ಉಳಿದರ್ಧ ನಾನು ಹೇಳಬೇಕು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ.

ನಿಮಗೆ ಗೊತ್ತಿರುವುದೇ, ನಾನು ಈ ಮನೆಗೆ ಎರಡನೆಯವಳಾಗಿ ಬಂದಾಗಿನಿಂದ ಪುಟ್ಟಿ ನನ್ನ ಜೊತೆ ನೇರವಾಗಿ ಮಾತಾಡಿದವಳಲ್ಲ. ಏನಿದ್ದರೂ ಬೆಕ್ಕಿನ ಬಾಯಲ್ಲಿ. ನಿಮ್ಮ ಮಗಳು ಇದ್ದಾಗ ಸಾಕಿದ ಬೆಕ್ಕು, ಅವಳೇ ಇಟ್ಟ ಹೆಸರು ಯಜಮಾನಿ. ಯಜಮಾನಿಗೆ ಹಸಿವಂತೆ. ಯಜಮಾನಿಗೆ ಇವತ್ತು ಶಾಲೆಗೆ ಹೋಗಲು ಮನಸ್ಸಿಲ್ಲವಂತೆ. ಯಜಮಾನಿಗೆ ಜಡೆ ಬಿಗಿಯಾಯಿತಂತೆ. ನಾನೂ ಅಷ್ಟೇ ಗಂಭೀರವಾಗಿ ಬೆಕ್ಕಿಗೇ ಉತ್ತರ ಕೊಟ್ಟು ಜಡೆ ಸಡಿಲ ಮಾಡುತ್ತಿದ್ದೆ. ಬೇಜಾರಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಮಾತೇ ಇಲ್ಲದಿರುವುದಕ್ಕಿಂತ ಬೆಕ್ಕಾದರೂ ಇದೆಯಲ್ಲ ಅಂದುಕೊಳ್ಳುತ್ತಿದ್ದೆ.

ಶಾಲೆ ಶುರುವಾಗುವ ಮೊದಲು ತೀರ್ಮಾನ ಮಾಡಿ, ಅವಳು ನಿಮ್ಮಲ್ಲೇ ಇರುವುದಾದರೆ ಕೋಣೆ ಸಿದ್ಧ ಇದೆ ಅಂತ ನೀವು ಹೇಳಿದ್ದು ನ್ಯಾಯವೇ. ತಾಯಿ ಇಲ್ಲದ ಮಗು, ನಿಮಗೆ ಮಗಳ ಗುರುತು. ನಿಮ್ಮ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಹೆದರಿಕೆ ಬಂತು ಅಷ್ಟೇ. ಅವಳು ಹೊರಟರೆ ತಡೆಯಲು ನನ್ನ ಹತ್ತಿರ ಯಾವ ಮಾತಿದೆ?

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಪುಟ್ಟಿ ಬಂದು, ಯಜಮಾನಿಗೆ ಒಂದು ನಾಯಿ ಬೇಕಂತೆ ಅಂದಳು. ಯಾವ ಲೋಕದಲ್ಲಮ್ಮ, ಬೆಕ್ಕು ನಾಯಿ ಕೇಳುವುದು! ನಗು ತಡೆದುಕೊಂಡು, ಯೋಚನೆ ಮಾಡೋಣ ಅಂತ ಯಜಮಾನಿಗೆ ಹೇಳು ಅಂದೆ. ಅವಳು ಈ ಮನೆಯಲ್ಲಿ ನನ್ನನ್ನು ಕೇಳಿದ ಮೊದಲ ವಸ್ತು ಅದು. ಆಗೋದಿಲ್ಲ ಅನ್ನುವ ಮಾತೇ ಇರಲಿಲ್ಲ.

ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಒಂದು ಜಾಗ ಇಲ್ಲಿದೆ, ನಾವು ನಾಯಿಮನೆ ಅನ್ನುತ್ತೇವೆ. ಅಲ್ಲಿನ ಮೇಡಂ ನಾಯಿ ತೋರಿಸುವ ಮೊದಲು ನಮ್ಮನ್ನೇ ವಿಚಾರಿಸಿಕೊಂಡರು. ಮನೆಯಲ್ಲಿ ಮೂರು ವರ್ಷದ ನಮ್ಮ ಮಗ ತುಂಟ, ಪುಟ್ಟಿ, ವಯಸ್ಸಾದ ಬೆಕ್ಕು ಅಂತ ಕೇಳಿದ ಮೇಲೆ ಒಂದು ಕಂದು ಹೆಣ್ಣುನಾಯಿಯ ಕಡೆ ಕೈ ತೋರಿಸಿದರು. ನಡುವಯಸ್ಸು, ಒಂದು ಕಿವಿ ಜೋತುಬಿದ್ದಿದೆ, ಮೂಲೆಯಲ್ಲಿ ಸುಮ್ಮನೆ ಮಲಗಿತ್ತು. ಯಾರು ನೋಡುತ್ತಾರೆ ಅದನ್ನು? ಇವರ ಕಣ್ಣು ಬಿದ್ದದ್ದು ಹೊಂಬಣ್ಣದ ಎಳೆ ಗಂಡುನಾಯಿಯ ಮೇಲೆ. ನೋಡಲು ಥೇಟ್ ಸಿನಿಮಾ ಹೀರೋ. ನಮ್ಮ ತುಂಟ ಕುತ್ತಿಗೆಗೆ ಜೋತುಬಿದ್ದರೂ ಬಾಲ ಅಲ್ಲಾಡಿಸುತ್ತಿತ್ತು. ಇನ್ನೇನು ಬೇಕು ಅಂತ ಇವರು.

ಮಕ್ಕಳು ಒಪ್ಪಿದರೆ ಸಾಲದು, ಬೆಕ್ಕೂ ಒಪ್ಪಬೇಕು ಅಂತ ಮೇಡಂ ಹೀರೋ ಮಲಗುತ್ತಿದ್ದ ಟವೆಲನ್ನು ಕೊಟ್ಟು ಕಳಿಸಿದರು. ಬೆಕ್ಕು ಮಲಗುವ ಕಡೆ ಹಾಸಿ, ವಾಸನೆ ಅದಕ್ಕೆ ಒಗ್ಗುತ್ತದಾ ನೋಡಿ, ಆಮೇಲೆ ನಾಯಿ ಅಂದರು. ಯಜಮಾನಿ ಟವೆಲನ್ನು ಮೂಸಿ, ಗುಂಡಗೆ ಸುತ್ತಿಕೊಂಡು ಮಲಗಿಯೇಬಿಟ್ಟಳು. ನಮಗೋ ಸಂಭ್ರಮ. ಹೀರೋ ಮನೆಗೆ ಬಂದ.

ಬಂದವನು ಮಾಡಿದ ಮೊದಲ ಕೆಲಸ ಬೆಕ್ಕನ್ನು ಅಟ್ಟಿಸಿಕೊಂಡು ಹೋದದ್ದು. ಪಾಪ, ಕೆಟ್ಟವನಲ್ಲ, ಓಡುವುದನ್ನು ಕಂಡರೆ ಹಿಂದೆ ಓಡುವ ಸ್ವಭಾವ. ಯಜಮಾನಿ ಬೀರುವಿನ ಮೇಲೆ ಹತ್ತಿ ಕೂತವಳು ಇಳಿಯಲಿಲ್ಲ, ಹಾಲು ಮುಟ್ಟಲಿಲ್ಲ. ಮಾರನೇ ದಿನ ಪುಟ್ಟಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಯಜಮಾನಿ ಅಜ್ಜಿ ಮನೆಗೆ ಹೋಗ್ತಾಳಂತೆ ಅಂದಳು. ನನ್ನ ಮುಖ ನೋಡದೆ ಬೀರುವಿನ ಕಡೆ ನೋಡಿ ಹೇಳಿದಳು.

ಆಗ ಅವಳು ನಿಮಗೆ ಫೋನ್ ಮಾಡಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಬಾ ಕಂದ ಅಂತ ನೀವು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನೀವು ಅನ್ನಲಿಲ್ಲ. ಎಲ್ಲ ಕೇಳಿಸಿಕೊಂಡು, ಫೋನು ನನ್ನ ಕೈಗೆ ಕೊಡಿಸಿ, ಒಂದೇ ಪ್ರಶ್ನೆ ಕೇಳಿದಿರಿ:

"ಆ ಟವೆಲ್ಲು ಅಳಿಯಂದಿರ ಕೈಗೇನಾದ್ರೂ ಸಿಕ್ಕಿತ್ತಾ?"

ಅಯ್ಯೋ, ನನಗೆ ತಲೆಗೇ ಹೋಗಿರಲಿಲ್ಲ! ಓಡಿಹೋಗಿ ಮೂಸಿದರೆ ಘಮ್ ಅಂತ ಸೋಪಿನ ವಾಸನೆ. ಕೇಳಿದರೆ, ಕೌಂಟರ್ ಮೇಲೆ ಕೊಳಕು ಟವೆಲ್ಲಿತ್ತು, ಬಿಸಿನೀರಲ್ಲಿ ಹಾಕಿ ಇಸ್ತ್ರಿ ಮಾಡಿಟ್ಟೆ, ಅದರಲ್ಲೇನು ತಪ್ಪು ಅಂದರು. ಪಾಪದ ಬೆಕ್ಕು ನಮ್ಮ ಲಾಂಡ್ರಿಯನ್ನು ಒಪ್ಪಿಕೊಂಡಿತ್ತು, ನಾಯಿಯನ್ನಲ್ಲ. ಅಳುತ್ತಿದ್ದ ಪುಟ್ಟಿ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಇಬ್ಬರೂ ಒಂದೇ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು. ಚೀಲ ಮೂಲೆಯಲ್ಲೇ ಉಳಿಯಿತು, ಆದರೆ ಅದರೊಳಗಿನ ಬಟ್ಟೆಯನ್ನು ಅವಳು ತೆಗೆಯಲಿಲ್ಲ.

ಹೀರೋಗೆ ಬೆಕ್ಕಿಲ್ಲದ ಒಂದು ಮನೆ ಸಿಕ್ಕಿತು, ನಲ್ಲಿ ರಿಪೇರಿಯವರ ಮನೆ. ಚೆನ್ನಾಗಿದ್ದಾನೆ. ನಾವು ತಲೆ ತಗ್ಗಿಸಿಕೊಂಡು ಜೋತುಗಿವಿಯವಳ ಮುಂದೆ ನಿಂತೆವು. ಮೇಡಂ ಬೈಯಲಿಲ್ಲ, ಅವಳ ಸ್ವಭಾವ ತೋರಿಸಿದರು. ತಾವು ನಾಯಿಯ ಬೆನ್ನ ಹಿಂದೆಯೇ ನಿಂತು, ಅವಳು ತಿನ್ನುವಾಗ ತಟ್ಟೆಗೆ ಒಂದು ಚಮಚ ಬೀಳಿಸಿದರು. ಅವಳು ಗುರ್ ಅನ್ನಲಿಲ್ಲ, ಎದ್ದು ಪಕ್ಕಕ್ಕೆ ಹೋದಳು. ಅಲ್ಲಿನ ಬೆಕ್ಕು ಎದುರಿಗೆ ಬಂದು ದಿಟ್ಟಿಸಿದರೆ ಮುಖ ತಿರುಗಿಸಿ ಆಕಳಿಸಿದಳು. ಮಕ್ಕಳಿರುವ ಮನೆಗೆ ಸರಿದುಹೋಗುವ ನಾಯಿ ಬೇಕು, ಹಾಗಂತ ಚಿಕ್ಕ ಮಗುವಿನ ಜೊತೆ ಎಂಥ ನಾಯಿಯನ್ನೂ ಒಂಟಿಯಾಗಿ ಬಿಡಬೇಡಿ ಅಂತ ಹೇಳಿದರು.

ಈ ಸಲ ಅವಳು ಮಲಗುವ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಕೊಂಡು ಬಂತು. ಇವರು ಕೈ ಹಿಂದೆ ಕಟ್ಟಿಕೊಂಡು ಓಡಾಡಿದರು. ನಮ್ಮ ಮನೆಯ ವಾಸನೆಯೂ ನಾಯಿಗೆ ಒಗ್ಗಬೇಕಲ್ಲ, ಅದಕ್ಕೆ ಪುಟ್ಟಿ ತಾನೇ ಒಂದು ಗಂಟು ಕಟ್ಟಿ, ಕವರಿಗೆ ಹಾಕಿ ಮೇಡಂಗೆ ಕೊಟ್ಟಳು. ಯಾರಿಗೂ ಬಿಚ್ಚಲು ಬಿಡಲಿಲ್ಲ. ಯಜಮಾನಿ ಮಲಗುವ ನೀಲಿ ಸ್ವೆಟರ್, ನೀವು ಮಗಳಿಗೆ ಹೆಣೆದದ್ದು, ಆವತ್ತಿನಿಂದ ಜಾಗದಲ್ಲಿರಲಿಲ್ಲ. ಅದನ್ನೂ ಕೊಟ್ಟಳಲ್ಲ ಅಂತ ನನ್ನ ಎದೆ ತುಂಬಿಬಂತು.

ಯಜಮಾನಿ ಮೊದಲು ನಾಯಿಯ ಬಟ್ಟೆಗೆ ಉಗ್ರವಾಗಿ ಬೈದಳು. ಆಮೇಲೆ ದೂರ ಕೂತು ನೋಡಿದಳು. ಊಟದ ತಟ್ಟೆಯನ್ನು ಅದರ ಹತ್ತಿರ ಹತ್ತಿರ ಸರಿಸುತ್ತ ಹೋದೆವು, ಕೊನೆಗೆ ಅದರ ಮೇಲೆಯೇ ಕೂತು ತಿಂದಳು. ಆಮೇಲೇ ಜೋತುಗಿವಿ ಮನೆಗೆ ಬಂದದ್ದು. ಬಾಗಿಲಿಗೆ ಅಡ್ಡ ಹಲಗೆ, ಬೆಕ್ಕಿಗೆ ಗೋಡೆಯ ಮೇಲೆ ಕೂರಲು ಒಂದು ಎತ್ತರದ ಜಾಗ, ಎಲ್ಲ ಇವರೇ ಮಾಡಿದರು. ಹಲಗೆ ತೆಗೆದ ದಿನ ಯಜಮಾನಿ ಇಳಿದು ಬಂದು ನಾಯಿಯ ಮೂಗಿಗೆ ಒಂದು ಕೊಟ್ಟಳು. ಇವಳು ಸೀನಿ, ಹಿಂದೆ ಸರಿದು, ಮಲಗಿದಳು. ಈಗ ನಾಯಿಯ ಹಾಸಿಗೆಯಲ್ಲಿ ಬೆಕ್ಕು, ಬರಿ ನೆಲದ ಮೇಲೆ ನಾಯಿ. ಯಜಮಾನಿ ಅಂದರೆ ಸುಮ್ಮನೇನಾ!

ಅಮ್ಮ, ಅವತ್ತು ನೀವು ಬಾ ಅನ್ನದೆ ಟವೆಲ್ಲಿನ ವಿಷಯ ಕೇಳಿದಿರಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹೆತ್ತವಳನ್ನು ಕಳೆದುಕೊಂಡ ಮಗುವಿನ ಜೊತೆ ನನ್ನಂಥವಳಿಗೂ ಒಂದು ಅವಕಾಶ ಉಳಿಸಿಕೊಟ್ಟಿರಿ. ಶಾಲೆ ಇನ್ನೇನು ಶುರು. ಇಲ್ಲಿ ಇರುತ್ತೀಯಾ, ಅಜ್ಜಿ ಹತ್ತಿರ ಹೋಗುತ್ತೀಯಾ ಅಂತ ಅವಳನ್ನು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಚೀಲ ಹಾಗೇ ಇದೆ. ಅವಳು ಬರುತ್ತೇನೆ ಅಂದರೆ ನಾನೇ ಕರೆದುಕೊಂಡು ಬರುತ್ತೇನೆ, ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ನಿಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡಿ.

ಇಂತಿ,
ನಿಮ್ಮ ಅಳಿಯನ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು, ನಿಮ್ಮನ್ನು ಅಮ್ಮ ಅನ್ನುವವಳು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮೇಡಂ ನಾಯಿಯನ್ನು ನೋಡಿಹೋಗಲು ಬಂದರು, ಪುಟ್ಟಿ ಕೊಟ್ಟಿದ್ದ ಗಂಟನ್ನೂ ತಂದರು. ಬಿಚ್ಚಿದರೆ ನೀಲಿ ಸ್ವೆಟರ್, ಇವರ ಕರ್ಚೀಫು, ತುಂಟನ ಒಂದು ಕಾಲುಚೀಲ. ಅವೆಲ್ಲವನ್ನೂ ಸುತ್ತಿದ್ದದ್ದು ನನ್ನ ಕಂದು ಶಾಲು. ನಾಯಿಗೆ ಮನೇಲಿ ಇರೋರೆಲ್ಲರ ಪರಿಚಯ ಆಗಬೇಕು, ಒಬ್ಬರನ್ನೂ ಬಿಟ್ಟಿಲ್ಲ ಅಂತ ಕೊಡುವಾಗಲೇ ಪುಟ್ಟಿ ಹೇಳಿದ್ದಳಂತೆ. ನಾನು ಶಾಲು ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಪುಟ್ಟಿ ಹತ್ತಿರ ಬಂದು, ನನ್ನ ಮುಖ ನೋಡಿ, ಯಜಮಾನಿಯ ಹೆಸರೇ ಎತ್ತದೆ ಹೇಳಿದಳು, "ಅದನ್ನ ಅಪ್ಪನ ಕೈಗೆ ಕೊಡ್ಬೇಡ, ಒಗೆದುಬಿಡ್ತಾರೆ." ಆಮೇಲೆ ಮೂಲೆಯ ಚೀಲದಿಂದ ತನ್ನ ಬಟ್ಟೆ ತೆಗೆದು ಕಪಾಟಿಗೆ ಜೋಡಿಸತೊಡಗಿದಳು. ಶಾಲು ಹುಡುಕಬೇಡಿ, ಅಮ್ಮ.