ಬೇಸ್ ಮಾಡೆಲ್‌ಗೆ ಬಾಡಿ ಕಲರ್

ಮಾರ್ಚ್ ೨, ಭಾನುವಾರ

ಕಾರಿನ ಎಡಗಡೆ ಮಿರರ್‌ನ ಕ್ಯಾಪ್, ಅಂದರೆ ಹಿಂಬದಿಯ ಪ್ಲಾಸ್ಟಿಕ್ ಕವಚ, ಕೊನೆಗೂ ಬಿಚ್ಚಿತು. ಒಂದು ಲಾಕ್ ಮುರಿಯಿತು... ಅಪ್ಪನಿಗೆ ಹೇಳಿಲ್ಲ, ಅಂಟು ಹಾಕಿ ಇಟ್ಟಿದ್ದೇನೆ. ಬಲಗಡೆಯದು ನಿನ್ನೆಯೇ ಆಯಿತು. ಡೋರ್ ಹ್ಯಾಂಡಲ್‌ಗಳು ಬಾಕಿ.

ಕಡಿಮೆ ಬೆಲೆಯ ಬೇಸ್ ಮಾಡೆಲ್ ಎಂದರೆ ಇದೇ ಕರ್ಮ. ಕಾರು ಬಿಳಿ, ಮಿರರ್ ಕಪ್ಪು, ಹ್ಯಾಂಡಲ್ ಕಪ್ಪು. ಆ ಕಪ್ಪೂ ಬಿಸಿಲು ತಿಂದು ಬೂದುಬಣ್ಣಕ್ಕೆ ತಿರುಗಿದೆ. ಟಾಪ್ ಮಾಡೆಲ್‌ನಲ್ಲಿ ಎಲ್ಲವೂ ಬಾಡಿ ಕಲರ್, ಕಾರಿನದೇ ಬಣ್ಣ. ಕಾರು ತೆಗೆದುಕೊಳ್ಳುವಾಗ ಅಪ್ಪ ಷೋರೂಮಿನಲ್ಲಿ ಟಾಪ್ ಮಾಡೆಲ್‌ಗೆ ಒಂದು ಸುತ್ತು ಬಂದು, ಹ್ಯಾಂಡಲ್ ಸವರಿ, ಕೊನೆಗೆ ಬೇಸ್‌ಗೆ ಸಹಿ ಹಾಕಿದರಂತೆ. ಅಮ್ಮ ಹೇಳಿದ್ದು. ಅದಕ್ಕೇ ಈ ಪ್ರಾಜೆಕ್ಟ್: ಮಿರರ್, ಹ್ಯಾಂಡಲ್ ಎಲ್ಲಕ್ಕೂ ನಾವೇ ಬಿಳಿ ಬಳಿಯುವುದು.

ಫೋನಿನಲ್ಲಿ ಕಾರು ಹುಚ್ಚರ ಗ್ರೂಪಿಗೆ ಫೋಟೊ ಹಾಕಿದೆ. ಬಂಪರಣ್ಣ ತಕ್ಷಣ ಬಂದ. ಗ್ರೂಪಿಗೆ ಅವನೇ ದೊಡ್ಡಣ್ಣ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. "ಬ್ರೋ, ಪ್ಲಾಸ್ಟಿಕ್ ಪ್ರೈಮರ್ ಹೊಡೀದೆ ಪೇಂಟ್ ಮುಟ್ಬೇಡ. ಸಿಪ್ಪೆ ಥರ ಎದ್ದು ಬರತ್ತೆ." ನಾನು ಬ್ರೋ ಅಲ್ಲ ಎಂದು ಈವರೆಗೆ ಹೇಳಿಲ್ಲ. ಹೇಳಿದರೆ ಪ್ರೈಮರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತಾರೆ.

ಮಾರ್ಚ್ ೩

ಉಜ್ಜಿದೆವು. ನಾನು ಮತ್ತು ಅಪ್ಪ, ಮನೆಯ ಮುಂದಿನ ಕೋಣೆಯಲ್ಲಿರುವ ಅಪ್ಪನ ಟೈಲರ್ ಅಂಗಡಿಯಲ್ಲೇ. ಅಪ್ಪ ಸ್ಯಾಂಡ್‌ಪೇಪರನ್ನು ಮಾರ್ಕಿಂಗ್ ಚಾಕ್ ಹಿಡಿದ ಹಾಗೆ ಹಿಡಿಯುತ್ತಾರೆ, ಕಿರುಬೆರಳು ಮೇಲೆತ್ತಿ. ಧೂಳೆಲ್ಲ ಯಾರದೋ ಹೊಸ ಪ್ಯಾಂಟಿನ ಮೇಲೆ. ಅಮ್ಮ ಬಂದು ಇಬ್ಬರಿಗೂ ಸರಿಯಾಗಿ ಬೈದು, ಸಾಮಾನು ಸಮೇತ ಹಿತ್ತಲಿಗೆ ಅಟ್ಟಿದಳು. ಅಪ್ಪ ಇಷ್ಟು ಖುಷಿಯಾಗಿ ಬೈಸಿಕೊಂಡದ್ದು ನೋಡಿಯೇ ಇರಲಿಲ್ಲ.

ಮಾರ್ಚ್ ೮, ಶನಿವಾರ

ಪೇಂಟ್ ಅಂಗಡಿ. ಕಲರ್ ಕೋಡ್ ಹೇಳಿದರೆ ಮುಗಿಯಿತು ಎಂದುಕೊಂಡಿದ್ದೆ. ಗ್ರೂಪಿನವರು ಮೊದಲೇ ಎಚ್ಚರಿಸಿದ್ದರು: ಕೋಡ್ ಹೇಳುವುದು ಹೊಸ ಕಾರಿನ ಬಿಳಿ, ನಮ್ಮದು ಬಿಸಿಲಲ್ಲಿ ನಿಂತು ಮಾಸಿದ ಬಿಳಿ, ಕಣ್ಣಲ್ಲೇ ಮ್ಯಾಚ್ ಮಾಡಬೇಕು. ಅಂಗಡಿಯವನು ಬೇರೆ ಬೇರೆ ಬಿಳಿ ಬಳಿದ ಕಾರ್ಡುಗಳನ್ನು ಕೊಟ್ಟ. ಬಾನೆಟ್ ಮೇಲೆ ಇಟ್ಟು ನೋಡಿದೆವು.

ನನಗೆ ಎರಡನೆಯದು ಸರಿ ಅನ್ನಿಸಿತು. ಅಪ್ಪ ಮೂರನೆಯದನ್ನು ಎತ್ತಿದರು. "ಇದೇ. ಕಣ್ಮುಚ್ಚಿ ತಗೋ."

ತೆಗೆದುಕೊಂಡೆ. ಬೀದಿಯ ಬೇರೆ ಟೈಲರ್‌ಗಳು ಬಟ್ಟೆಗೆ ಹೊಂದುವ ದಾರ ಸಿಗದಿದ್ದರೆ ಅಪ್ಪನ ಹತ್ತಿರ ಕಳಿಸುತ್ತಾರೆ. ಅಂಥವರ ಎದುರು ನಾನೇನು ವಾದ ಮಾಡಲಿ? ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ, ಅಪ್ಪನ ಮುಖ ನೋಡಿ ಮುಚ್ಚಿಕೊಂಡ. ಕಾರ್ಡುಗಳನ್ನು ಕೇಳಿ ಇಸಿದುಕೊಂಡೆ. ಸುಮ್ಮನೆ, ಆಸೆಗೆ.

ಮಾರ್ಚ್ ೯, ಭಾನುವಾರ

ಹೊಡೆದೆವು!! ಪ್ರೈಮರ್, ಆಮೇಲೆ ತೆಳ್ಳಗೆ ಒಂದು ಕೋಟ್, ಒಣಗಿದ ಮೇಲೆ ಇನ್ನೊಂದು. ಗಾಳಿ ಬೀಸಿದಾಗಲೆಲ್ಲ ಅಪ್ಪ ರಟ್ಟು ಹಿಡಿದು ಅಡ್ಡ ನಿಂತರು. ಎಡಗಡೆ ಕ್ಯಾಪ್ ಮೇಲೆ ಪೇಂಟ್ ಒಂದು ಕಡೆ ಇಳಿದಿದೆ, ಕಣ್ಣೀರಿನ ಥರ. ಯಾರೂ ನೋಡಲ್ಲ ಬಿಡು.

ಮಾರ್ಚ್ ೧೦

ಬೆಳಿಗ್ಗೆಯೇ ಫಿಟ್ ಮಾಡಿದೆ. ಅಪ್ಪ ಕಾರಿಗೆ ಒಂದು ಸುತ್ತು ಬಂದರು. ಹ್ಯಾಂಡಲ್ ಸವರಿದರು. ಆಮೇಲೆ ಕೆಲಸವೇ ಇಲ್ಲದೆ ಬೀದಿ ತುದಿಯವರೆಗೆ ಓಡಿಸಿಕೊಂಡು ಹೋಗಿ ಬಂದರು.

ಸಂಜೆ ಗ್ರೂಪಿಗೆ ಫೋಟೊ. ಬಂಪರಣ್ಣ: "ಫಿನಿಶ್ ಸೂಪರ್ ಬ್ರೋ. ಆದ್ರೆ ಮಿರರ್ ಯಾಕೆ ಹಾಲಿನ ಕೆನೆ ಥರ ಇದೆ?" ಶುರುವಾಯಿತು ನೋಡು, ಹಿಂದೆಯೇ ಸಾಲುಸಾಲು ನಗುವ ಇಮೋಜಿ. ಫೋನ್ ಕ್ಯಾಮೆರಾ ಸರಿಯಿಲ್ಲ ಎಂದೆ. ಯಾರೂ ನಂಬಲಿಲ್ಲ. ಮ್ಯಾಚ್ ಮಾಡಿದ್ದು ನಮ್ಮಪ್ಪ, ನಿಮ್ಮಪ್ಪ ಅಲ್ಲ ಎಂದು ಟೈಪ್ ಮಾಡಿ, ಅಳಿಸಿ, ಗ್ರೂಪ್ ಮ್ಯೂಟ್ ಮಾಡಿದೆ.

ಮಾರ್ಚ್ ೧೬, ಭಾನುವಾರ

ಅಪ್ಪ ಹೊಲಿದ ಒಂದು ಕೋಟು ವಾಪಸ್ ಬಂತು. ಕಡುನೀಲಿ ಬಟ್ಟೆ, ಕಪ್ಪು ದಾರದ ಹೊಲಿಗೆ. ಗಿರಾಕಿ ಹಳಬರು, ಬೇಜಾರಿಲ್ಲದೆ ತೋರಿಸಿದರು. ಅಪ್ಪ ಟ್ಯೂಬ್‌ಲೈಟಿಗೆ ಬೈದರು, ಅಮ್ಮನೂ ಜೊತೆಗೆ ಸೇರಿ ಬೈದಳು. ಗಿರಾಕಿ ನಕ್ಕು ಹೋದರು.

ಆದರೆ ಆ ಕೋಟು ಹೊಲಿದ ದಿನ ಅಮ್ಮ ಊರಲ್ಲಿರಲಿಲ್ಲ, ಚಿಕ್ಕಮ್ಮನ ಮನೆಗೆ ಹೋಗಿದ್ದಳು. ದಿನಾ ಬೆಳಿಗ್ಗೆ ಅಮ್ಮನೇ ಒಂದೊಂದು ಬಟ್ಟೆಯ ಮೇಲೆ ಒಂದೊಂದು ದಾರದ ಉಂಡೆ ತೆಗೆದಿಡುತ್ತಾಳೆ. ಸೂಜಿ ಪೋಣಿಸಿ ಇಡುತ್ತಾಳೆ. ಇಷ್ಟು ದಿನ ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ. ಆದರೆ ಬರೀ ಅದಲ್ಲ.

ಹೊರಗೆ ಹೋಗಿ ನಡುಮಧ್ಯಾಹ್ನದ ಬಿಸಿಲಲ್ಲಿ ಕಾರು ನೋಡಿದೆ. ಮಿರರ್ ಕೆನೆ. ಹ್ಯಾಂಡಲ್ ಕೆನೆ. ಬಂಪರಣ್ಣ ಹೇಳಿದ್ದು ನಿಜ.

ಮಾರ್ಚ್ ೧೯

ಹೇಳಲಾ, ಬೇಡವಾ. ಮೂರು ಹೊತ್ತೂ ಇದೇ.

ಹೊಲಿಗೆ ಯಾರು ಬೇಕಾದರೂ ಹೊಲಿಯುತ್ತಾರೆ. ನಮ್ಮ ಅಂಗಡಿಗೆ ಜನ ಬರುವುದು ಅಪ್ಪನ ಕಣ್ಣಿಗೆ. ಅದೇ ಹೋಗಿದೆ ಎಂದು ಮಗಳ ಬಾಯಿಂದ ಹೇಗೆ... ಆದರೆ ನಿನ್ನೆ ಕಾರು ತೆಗೆಯುವಾಗ ಗೇಟಿನ ಕಂಬಕ್ಕೆ ಕೂದಲೆಳೆಯಷ್ಟು ಜಾಗ ಬಿಟ್ಟು ತಿರುಗಿಸಿದರು.

ಸಂಜೆ ೬

ಹೇಳಿದೆ. ಹೇಳಿದೆ ಎಂದರೆ, ಎರಡನೆಯ ಕಾರ್ಡು, ಮೂರನೆಯ ಕಾರ್ಡು, ಎರಡನ್ನೂ ಅಪ್ಪನ ಕೈಗೆ ಕೊಟ್ಟು, ಇದರಲ್ಲಿ ಯಾವುದನ್ನು ಆರಿಸಿದಿರಿ ಎಂದು ಕೇಳಿದೆ. ನೋಡಿದರು. ಕಿಟಕಿ ಹತ್ತಿರ ಹೋಗಿ ನೋಡಿದರು. ಆಮೇಲೆ ಮೆಲ್ಲಗೆ ಕಾರ್ಡು ತಿರುಗಿಸಿ ಹಿಂದಿನ ನಂಬರ್ ಹುಡುಕತೊಡಗಿದರು. ಅದನ್ನು ನೋಡಲಾಗದೆ ಕೈ ಹಿಡಿದುಕೊಂಡೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊನ್ನೆ ಅಪ್ಪ. ಕೋಟು ಬಂದಾಗ."

"ನಿಮ್ಮಮ್ಮಂಗೆ ಹೇಳ್ಬೇಡ."

ಅಡುಗೆಮನೆಯಿಂದ ಅಮ್ಮ: "ಅಮ್ಮಂಗೆ ಹೋದ್ ವರ್ಷಾನೇ ಗೊತ್ತು. ಡಾಕ್ಟರ್ ಹತ್ರ ಯಾವಾಗ ಹೊರಡ್ತೀರ, ಅದು ಹೇಳಿ."

ಮಾರ್ಚ್ ೨೨, ಶನಿವಾರ

ಪೊರೆ. ಎರಡೂ ಕಣ್ಣಿಗೆ. ಕಣ್ಣಿನ ಡಾಕ್ಟರಮ್ಮ ಇದೇನು ಮಹಾ ಎನ್ನುವ ಹಾಗೆ ಹೇಳಿದರು. ಮೊದಲು ಒಂದು ಕಣ್ಣಿಗೆ ಆಪರೇಷನ್, ಅದು ಹೊಂದಿಕೊಂಡ ಮೇಲೆ ಇನ್ನೊಂದಕ್ಕೆ. ಅಪ್ಪ ಕೇಳಿದ್ದು ಒಂದೇ: ಕಡುನೀಲಿ, ಕಪ್ಪು ಬೇರೆಬೇರೆ ಕಾಣುತ್ತವೆಯೇ? ಡಾಕ್ಟರಮ್ಮ ನಕ್ಕರು. "ಆಮೇಲೆ ಬಂದು ನನ್ನ ಕೋಟು ಎಷ್ಟು ಮಾಸಿದೆ ಅಂತ ನೀವೇ ಹೇಳ್ತೀರ."

ವಾಪಸ್ ಬರುವಾಗ ಕೀ ನನ್ನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ನಾನು ಗೇರ್ ಹಾಕುವುದು ಸರಿಯಿಲ್ಲ ಎಂದರು. ಹಾಗಾದರೆ ಪರವಾಗಿಲ್ಲ.

ಏಪ್ರಿಲ್ ೧೧

ಬರೆಯಲು ಆಗಿರಲಿಲ್ಲ. ಡ್ರಾಪ್ಸ್ ಹಾಕುವುದು, ಕಣ್ಣು ಉಜ್ಜಬೇಡಿ ಎನ್ನುವುದು, ಬಾಗಬೇಡಿ ಎನ್ನುವುದು, ಅಷ್ಟರಲ್ಲಿ ಮತ್ತೆ ಡ್ರಾಪ್ಸ್. ಬಲಗಣ್ಣು ಆಯಿತು. ಚೆನ್ನಾಗಿದೆ. ಪಟ್ಟಿ ತೆಗೆದ ದಿನ ಅಮ್ಮನ ಮುಖವನ್ನೇ ನೋಡುತ್ತಾ ಕೂತರು. ಅಮ್ಮ ಏನೆಂದು ಕೇಳಿದಳು. ಕೂದಲು ಇಷ್ಟು ನೆರೆತದ್ದು ಯಾವಾಗ ಎಂದರು. ಮಧ್ಯಾಹ್ನದವರೆಗೆ ಅಪ್ಪನ ಜೊತೆ ಮಾತಿಲ್ಲ.

ಗ್ರೂಪ್ ಅನ್‌ಮ್ಯೂಟ್ ಮಾಡಿದೆ. ನೀವೇ ಸರಿ, ಮಿರರ್ ಕೆನೆಯೇ, ಅಪ್ಪನಿಗೆ ಪೊರೆ ಇತ್ತು, ಮತ್ತೆ ನಾನು ಬ್ರೋ ಅಲ್ಲ... ಒಂದೇ ಮೆಸೇಜಿನಲ್ಲಿ ಎಲ್ಲ ಹೇಳಿಬಿಟ್ಟೆ. ಬಂಪರಣ್ಣ ಬಹಳ ಹೊತ್ತು ಟೈಪ್ ಮಾಡುತ್ತಲೇ ಇದ್ದ. ಬಂದದ್ದು ಇಷ್ಟು: "ಸಾರಿ ತಂಗಿ. ಅಂಕಲ್ ಬಣ್ಣ ನೋಡಿದ್ರಾ?"

ಏಪ್ರಿಲ್ ೧೨, ಶನಿವಾರ

ನೋಡಿದರು.

ಬಿಸಿಲು ಕಡಿಮೆಯಾದ ಮೇಲೆ ಹೊರಗೆ ಬಂದು ಕಾರಿನ ಮುಂದೆ ನಿಂತರು. ಬಲಗಣ್ಣು ಮುಚ್ಚಿ, "ಈ ಕಣ್ಣಿಗೆ ಮ್ಯಾಚು" ಎಂದರು. ಆಮೇಲೆ ಎಡಗಣ್ಣು ಮುಚ್ಚಿದರು.

"ಇದೇನೇ ಇದು, ಬೆಣ್ಣೆ ಮೆತ್ತಿದಂಗಿದೆ. ಹೇಳ್ಬಾರ್ದಿತ್ತಾ?"

"ನೀವೇ ಆರಿಸಿದ್ದು."

"ನಾನು ಆರಿಸಿದ್ರೆ? ನಿಂಗೆ ಕಣ್ಣಿರ್ಲಿಲ್ವಾ?"

ಇತ್ತು. ಅಪ್ಪನ ಮುಂದೆ ಅದನ್ನು ನಂಬಿ ಅಭ್ಯಾಸವಿರಲಿಲ್ಲ.

ಮತ್ತೆ ಬಲಗಣ್ಣು ಮುಚ್ಚಿದರು, ತೆರೆದರು. ಆಟ ಸಿಕ್ಕ ಮಗುವಿನ ಹಾಗೆ. ಇಳಿದ ಪೇಂಟಿನ ಕಣ್ಣೀರೂ ಸಿಕ್ಕಿತು, ಅದಕ್ಕೆ ಬೇರೆ ಬೈಗುಳ. ಈಗಲೇ ಪೇಂಟ್ ಅಂಗಡಿಗೆ ನಡಿ ಎಂದರು. ಅಲ್ಲಿ ಕಾರ್ಡುಗಳನ್ನೆಲ್ಲ ನನ್ನ ಕೈಗೆ ಕೊಟ್ಟು, ಬಾನೆಟ್‌ಗೆ ಬೆನ್ನು ಹಾಕಿ ನಿಂತರು. "ಮೊದ್ಲು ನೀನು ಆರ್ಸು. ಆಮೇಲೆ ನಾನು ನೋಡ್ತೀನಿ."

ಒಂದನ್ನು ಇಟ್ಟೆ, ತೆಗೆದೆ, ಮತ್ತೆ ಅದನ್ನೇ ಇಟ್ಟೆ. ಅಪ್ಪ ತಿರುಗಿ ಹೊಸ ಕಣ್ಣಲ್ಲಿ ನೋಡಿದರು, ಬಗ್ಗದೆ, ಡಾಕ್ಟರಮ್ಮನಿಗೆ ಹೆದರಿ. ಆ ಕಾರ್ಡನ್ನು ಅಂಗಡಿಯವನ ಕಡೆ ಚಾಚಿದರು. "ಮಗಳು ಹೇಳಿದ್ದು ಕಲಸಪ್ಪಾ."

ಏಪ್ರಿಲ್ ೧೩, ಭಾನುವಾರ, ಬೆಳಿಗ್ಗೆ

ಹ್ಯಾಂಡಲ್‌ಗಳು ಮತ್ತು ಬಲಗಡೆ ಕ್ಯಾಪ್ ಉಜ್ಜಿ ಆಯಿತು. ಎಡಗಡೆಯದನ್ನು ಅಪ್ಪ ಮುಟ್ಟಲು ಬಿಡುತ್ತಿಲ್ಲ. ಎಡಗಣ್ಣಿನ ಆಪರೇಷನ್ ಆದ ಮೇಲೆ ಆ ಕಣ್ಣಲ್ಲೂ ಅದನ್ನು ಒಂದು ಸಲ ನೋಡಬೇಕಂತೆ, ಆಮೇಲೆ ಬೇಕಾದರೆ ಬಳಿ ಎಂದರು. ಒಂದು ಕೆನೆ, ಒಂದು ಬಿಳಿ. ಗ್ರೂಪಿನವರು ಸಾಯುತ್ತಾರೆ ನಕ್ಕು.

ಪ್ರೈಮರ್ ಒಣಗುತ್ತಿದೆ. ಅಪ್ಪನಿಗೆ ಒಳಗೇ ಕೂತಿರಿ, ಈ ಪೇಂಟಿನ ಘಾಟು ಕಣ್ಣಿಗೆ ಆಗಲ್ಲ ಎಂದು ಕೈಮುಗಿದು ಹೇಳಿ, ಅಮ್ಮನನ್ನು ಕಾವಲಿಗೆ ಇಟ್ಟು ಬಂದಿದ್ದೇನೆ. ನಿನ್ನೆ ಅವರು ಹೇಳಿದ್ದನ್ನು ಇನ್ನೊಂದು ಸಲ ಬರೆದಿಟ್ಟುಕೊಳ್ಳಬೇಕು. ಮಗಳು ಹೇಳಿದ್ದು...

ತಾಳು. ಹಿತ್ತಲಲ್ಲಿ ಪೇಂಟಿನ ಸ್ಪ್ರೇ ಕ್ಯಾನ್ ಕುಲುಕುವ ಸದ್ದು. ಅಮ್ಮ ಬೈಯುತ್ತಿದ್ದಾಳೆ. ಕಿಟಕಿಯಿಂದ ಇಣುಕಿದರೆ, ರಟ್ಟು ಹಿಡಿದು ಅಡ್ಡ ನಿಂತಿರುವವಳೂ ಅವಳೇ. ಅಪ್ಪಾ, ಡಾಕ್ಟರಮ್ಮ ಕೊಟ್ಟ ಕಪ್ಪು ಕನ್ನಡಕ ಆದ್ರೂ ಹಾಕ್ಕೊಳ್ಳಿ...