ಬಿಸಿನೀರಿನ ಕೊಳ

ಶಹಾಬಾದ
ಭಾನುವಾರ

ತಂಗಿ ಉಮಾದೇವಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ನೀನು ಜಪಾನ್ ಪ್ರವಾಸಕ್ಕೆ ಕರೆದಾಗ ನಾನು ಒಂದೇ ಮಾತಿಗೆ ಹೂಂ ಅಂದಿದ್ದೆ. ನೆಲದ ಮೇಲೆ ಉಣ್ಣುವುದು, ನೆಲದ ಮೇಲೆ ಮಲಗುವುದು ನಮಗೇನು ಹೊಸದೇ? ಸಾರಿಗೆಲ್ಲ ಮೀನು ಹಾಕುತ್ತಾರಂತೆ, ಹಾಕಲಿ. ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುತ್ತೇನೆ. ಆದರೆ ಆ ಬಿಸಿನೀರಿನ ಕೊಳ! ಮೈಮೇಲೆ ಒಂದು ನೂಲಿಲ್ಲದೆ ಅಷ್ಟು ಹೆಂಗಸರ ನಡುವೆ ಕೂರಬೇಕಂತೆ. "ಅಕ್ಕಾ, ಅಲ್ಲಿ ಯಾರೂ ಯಾರ್ನೂ ನೋಡಂಗಿಲ್ಲ, ನೀ ಸುಮ್ನ ಬಾ" ಅಂದೆ ನೀನು. "ನಿನಗ ನಾಚಿಕಿ ಇಲ್ಲಂದ್ರ ನನಗದ" ಎಂದು ಬೈದು ನಾನು ಫೋನಿಟ್ಟೆ.

ಬರೀ ನಾಚಿಕೆಯಲ್ಲ, ನಿನಗೆ ಗೊತ್ತು. ಹೋದ ವರ್ಷ ಎಡಗಡೆಯ ಮೊಲೆ ತೆಗೆದ ಮೇಲೆ ಆ ಜಾಗವನ್ನು ನಾನೇ ಸರಿಯಾಗಿ ನೋಡಿಲ್ಲ. ಬಚ್ಚಲಿನ ದೀಪ ಹಚ್ಚದೆ ಮೈ ತೊಳೆದು ಬರುತ್ತೇನೆ.

ನಿನ್ನೆ ಸೊಸೆ ಶಿವರಂಜನಿ ಮೊಬೈಲಿನಲ್ಲಿ ಆ ಕೊಳ ತೋರಿಸಿದಳು. ಕೊಳಕ್ಕಿಳಿಯುವ ಮೊದಲು ಹೆಂಗಸರು ಸಣ್ಣ ಮಣೆಯ ಮೇಲೆ ಕುಳಿತು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಾರೆ. ಕಾಗಿಣಾ ನದಿಯಲ್ಲಿ ಅವ್ವ ನನ್ನ ಬೆನ್ನು, ನಾನು ನಿನ್ನ ಬೆನ್ನು ಉಜ್ಜುತ್ತಿದ್ದ ಹಾಗೆಯೇ. ಅವ್ವ ಹೋದ ಮೇಲೆ ನನ್ನ ಬೆನ್ನು ಯಾರೂ ಉಜ್ಜಿಲ್ಲ.

ಅದಕ್ಕೆ ಹೀಗೆ ಮಾಡು. ನಮ್ಮಿಬ್ಬರಿಗೇ ಬೇರೆ ಕೊಳ ಸಿಗುತ್ತದೇನೋ ಕೇಳು. ಸಿಗದಿದ್ದರೆ ಎಲ್ಲರ ನಡುವೆಯೇ ಕೂರುತ್ತೇನೆ, ಆದರೆ ನೀನು ನನ್ನ ಎಡಗಡೆಗೇ ಕೂರಬೇಕು. ಅಳಬೇಡ. ಅತ್ತರೆ ಅಲ್ಲೇ ಬೆನ್ನಿಗೆ ಎರಡು ಬಿಡುತ್ತೇನೆ, ಜಪಾನಿನವರು ನೋಡಿದರೂ ಸೈ.

ನಿನ್ನ ಅಕ್ಕ,
ಮಹಾದೇವಮ್ಮ